ರೈಡ್‌ನಲ್ಲಿ ದೋಷವಿಲ್ಲ ಅಂದರೆ, ಕೂತವರಿಗೆ ಕಣ್ಣು ಕತ್ತಲೆ ಬರುವುದು ಯಾಕೆ?

2025ರ ಸೆಪ್ಟೆಂಬರ್ 17ರಂದು ಅಮೆರಿಕದ ಒರ್ಲ್ಯಾಂಡೊದಲ್ಲಿ ಒಬ್ಬ ಯುವಕ ರೋಲರ್ ಕೋಸ್ಟರ್ ಹತ್ತಿದರು. ಸುತ್ತು ಮುಗಿದು ಬಂಡಿ ವಾಪಸ್ ಬಂದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಆ ರೈಡಿನ ಹೆಸರು ಸ್ಟಾರ್‌ಡಸ್ಟ್ ರೇಸರ್ಸ್. ಅದೇ ವರ್ಷದ ಮೇ ತಿಂಗಳಲ್ಲಿ ಶುರುವಾಗಿದ್ದ ಯೂನಿವರ್ಸಲ್ ಎಪಿಕ್ ಯೂನಿವರ್ಸ್ ಪಾರ್ಕಿನ ರೈಡ್ ಅದು. ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್.

ಆಮೇಲೆ ಬಂದ ಸುದ್ದಿಗಳು ಓದುಗರನ್ನು ಗೊಂದಲಕ್ಕೆ ತಳ್ಳಿದವು. ಸಾವಿಗೆ ಕಾರಣ ದೇಹಕ್ಕೆ ಹಲವು ಕಡೆ ಬಿದ್ದ ಪೆಟ್ಟು, ಇದು ಅಪಘಾತ ಎಂದು ಅಲ್ಲಿನ ವೈದ್ಯಕೀಯ ಪರೀಕ್ಷಕರು ಹೇಳಿದರು. ರೈಡಿನ ವ್ಯವಸ್ಥೆಗಳು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು, ಸಿಬ್ಬಂದಿ ನಿಯಮದಂತೆಯೇ ನಡೆದುಕೊಂಡರು ಎಂದು ಪಾರ್ಕಿನ ಆಡಳಿತ ಹೇಳಿತು. ಅಕ್ಟೋಬರ್ ಮೊದಲ ವಾರದಲ್ಲೇ ರೈಡ್ ಮತ್ತೆ ಶುರುವಾಯಿತು. ಯಂತ್ರ ಸರಿ ಇತ್ತು, ಆದರೂ ಕೂತ ಮನುಷ್ಯ ಬದುಕಲಿಲ್ಲ. ಇದು ಹೇಗೆ ಸಾಧ್ಯ?

ಆ ಸಾವು ಅಪರೂಪದ್ದು. ಆದರೆ ಅದರ ಸುದ್ದಿ ಓದಿದ ಎಷ್ಟೋ ಜನರಿಗೆ ನೆನಪಾಗುವುದು ತಮ್ಮ ಸಣ್ಣ ಅನುಭವಗಳೇ. ಇಳಿದ ಮೇಲೆ ತಲೆ ಸುತ್ತಿದ್ದು, ಮಧ್ಯದಲ್ಲಿ ಕಣ್ಣು ಮಂಜಾಗಿದ್ದು, ಕೈಕಾಲು ತಣ್ಣಗಾಗಿ ಬವಳಿ ಬಂದಿದ್ದು, ಎರಡು ದಿನ ತಲೆನೋವು ಬಿಡದೇ ಇದ್ದದ್ದು. ಅದೂ ಇದೂ ಒಂದೇನಾ? ನನಗೂ ಹಾಗಾಗಬಹುದಾ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಮೊದಲು ಒಂದಕ್ಕೊಂದು ಅಂಟಿಕೊಂಡಿರುವ ಸಂಗತಿಗಳನ್ನು ಬಿಡಿಸಿ ನೋಡಬೇಕು.

ಒಂದೇ ಸುದ್ದಿಯಲ್ಲಿ ಮೂರು ವಿಷಯ

ಯಂತ್ರ ಮುರಿದು ಆಗುವ ಅನಾಹುತ ಒಂದು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಒಂದು ರೈಡ್ ಮುರಿದು ಬಿದ್ದು ಜನ ಸತ್ತರು. 2025ರ ಏಪ್ರಿಲ್‌ನಲ್ಲಿ ದೆಹಲಿಯ ಕಾಪಸಹೇಡಾದ ಪಾರ್ಕೊಂದರಲ್ಲಿ ಯುವತಿಯೊಬ್ಬರು ರೋಲರ್ ಕೋಸ್ಟರ್‌ನಿಂದ ಬಿದ್ದು ತೀರಿಕೊಂಡರು. ಇಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಬೋಲ್ಟ್, ಬೆಲ್ಟ್, ನಿರ್ವಹಣೆ, ತಪಾಸಣೆ, ಇಷ್ಟರಲ್ಲೇ ಎಲ್ಲೋ ಇರುತ್ತದೆ.

ಯಂತ್ರ ಸರಿಯಾಗಿದ್ದೂ ದೇಹಕ್ಕೆ ಪೆಟ್ಟಾಗುವುದು ಇನ್ನೊಂದು. ಜಪಾನಿನ ಫ್ಯೂಜಿ-ಕ್ಯೂ ಹೈಲ್ಯಾಂಡ್ ಪಾರ್ಕಿನಲ್ಲಿ ಡೊ-ಡೊಡೊಂಪಾ ಎಂಬ ರೈಡ್ ಇತ್ತು. ನಿಂತಲ್ಲಿಂದ ಗಂಟೆಗೆ 180 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಬೇಕಾಗಿದ್ದುದು ಬರೀ 1.56 ಸೆಕೆಂಡು. ಕುತ್ತಿಗೆ ಮತ್ತು ಬೆನ್ನಿನ ಮೂಳೆ ಮುರಿದಿದೆ ಎಂದು ಕೆಲವರು ದೂರು ಕೊಟ್ಟ ಮೇಲೆ 2021ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದರು. 2024ರಲ್ಲಿ ಪೂರ್ತಿ ಮುಚ್ಚಿದರು. ಹಳಿ ಮುರಿದಿರಲಿಲ್ಲ, ಬಂಡಿ ಜಾರಿರಲಿಲ್ಲ. ಒರ್ಲ್ಯಾಂಡೊದ ಸಾವೂ ಈ ಗುಂಪಿಗೇ ಹತ್ತಿರ.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ. ಯಂತ್ರವೂ ಸರಿ, ಪೆಟ್ಟೂ ಬಿದ್ದಿಲ್ಲ, ಆದರೂ ಮೈ ಸರಿಯಿಲ್ಲ. ಕಣ್ಣು ಕತ್ತಲೆ, ತಲೆಸುತ್ತು, ವಾಕರಿಕೆ, ಕುಸಿದು ಕೂರುವುದು. ಸುದ್ದಿಯಲ್ಲಿ ಬರುವುದೇ ಇಲ್ಲ ಅನ್ನುವಷ್ಟು ಸಾಮಾನ್ಯ. ಇದಕ್ಕೆ ಕಾರಣ ಕೂಡ ಒಂದಲ್ಲ. ರೈಡ್ ನಡೆಯುವಾಗ ಆಗುವುದಕ್ಕೆ ಒಂದು ಕಾರಣ, ಇಳಿದ ಮೇಲೆ ಆಗುವುದಕ್ಕೆ ಇನ್ನೊಂದು.

ತಗ್ಗಿನಲ್ಲಿ ರಕ್ತಕ್ಕೆ ಏನಾಗುತ್ತದೆ

ಸುಮ್ಮನೆ ಕುರ್ಚಿಯಲ್ಲಿ ಕೂತಾಗ ನಮ್ಮ ಮೇಲೆ ಇರುವ ಒತ್ತಡಕ್ಕೆ 1 ಜೀ ಎನ್ನುತ್ತಾರೆ. ಅಂದರೆ ನಮ್ಮ ಮಾಮೂಲಿ ತೂಕ. ಬಂಡಿ ಎತ್ತರದಿಂದ ಧುಮುಕಿ, ತಗ್ಗಿನಲ್ಲಿ ತಿರುಗಿ ಮೇಲಕ್ಕೆ ಏರಲು ಹೊರಟ ಕ್ಷಣದಲ್ಲಿ ಅದು 3, 4, ಕೆಲವು ಕಡೆ 5 ಜೀ ತನಕ ಹೋಗುತ್ತದೆ. 60 ಕಿಲೋ ತೂಕದವರು 4 ಜೀಯಲ್ಲಿ 240 ಕಿಲೋ ತೂಗಿದ ಹಾಗೆ. ತೂಕ ಹೆಚ್ಚುವುದು ಕೈಕಾಲಿಗೆ ಮಾತ್ರ ಅಲ್ಲ, ರಕ್ತಕ್ಕೂ.

ಹೃದಯವನ್ನು ಮನೆಯ ಸಂಪಿನ ಮೋಟರ್ ಅಂದುಕೊಳ್ಳಿ, ತಲೆಯನ್ನು ತಾರಸಿಯ ಮೇಲಿನ ಟ್ಯಾಂಕ್ ಅಂದುಕೊಳ್ಳಿ. ಕೂತವರಲ್ಲಿ ಹೃದಯದಿಂದ ಕಣ್ಣಿನ ಮಟ್ಟಕ್ಕೆ ಸುಮಾರು 30 ಸೆಂಟಿಮೀಟರ್ ಎತ್ತರ. ಅಷ್ಟು ಎತ್ತರಕ್ಕೆ ರಕ್ತ ಏರಿಸಲು, ಬಿಪಿ ಅಳೆಯುವ ಲೆಕ್ಕದಲ್ಲಿ, ಸುಮಾರು 22 ಅಂಕದ ಒತ್ತಡ ಖರ್ಚಾಗುತ್ತದೆ. ಹೃದಯದ ಬಳಿ ಸರಾಸರಿ ಒತ್ತಡ 95ರ ಆಸುಪಾಸು ಇರುತ್ತದೆ. ಅದರಲ್ಲಿ 22 ಕಳೆದರೂ ಬೇಕಾದಷ್ಟು ಉಳಿಯುತ್ತದೆ. ಆದರೆ 4 ಜೀಯಲ್ಲಿ ರಕ್ತದ ತೂಕ ನಾಲ್ಕು ಪಟ್ಟು. ಆಗ ಖರ್ಚು 88 ಆಗುತ್ತದೆ. ತಲೆಗೆ ತಲುಪುವ ಒತ್ತಡ ಹೆಚ್ಚುಕಡಿಮೆ ಶೂನ್ಯ.

ಮೊದಲು ಕಣ್ಣೇ ಯಾಕೆ ಸೋಲುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕಣ್ಣುಗುಡ್ಡೆಯ ಒಳಗೆ ಅದರದೇ ಒಂದು ಒತ್ತಡ ಇರುತ್ತದೆ, ಸುಮಾರು 15 ಅಂಕದಷ್ಟು. ಒಳಗೆ ಹೋಗಬೇಕಾದ ರಕ್ತ ಅದನ್ನೂ ಮೀರಬೇಕು. ಹಾಗಾಗಿ ಮಿದುಳಿಗೆ ಇನ್ನೂ ಸ್ವಲ್ಪ ರಕ್ತ ಹೋಗುತ್ತಿರುವಾಗಲೇ ಕಣ್ಣಿಗೆ ಕೊರತೆ ಆಗುತ್ತದೆ. ಬಣ್ಣ ಮಾಸುತ್ತದೆ, ಅಂಚು ಕಪ್ಪಾಗುತ್ತದೆ, ನಡುವಿನ ಒಂದು ಕಿಂಡಿ ಮಾತ್ರ ಕಾಣುತ್ತದೆ, ಆಮೇಲೆ ಅದೂ ಇಲ್ಲ. ಇನ್ನೂ ಮುಂದುವರಿದರೆ ಪ್ರಜ್ಞೆ ಹೋಗುತ್ತದೆ. ಯುದ್ಧವಿಮಾನದ ಪೈಲಟ್‌ಗಳು 9 ಜೀ ತಡೆಯುವುದು ತರಬೇತಿಯಿಂದ, ಕಾಲು ಮತ್ತು ಹೊಟ್ಟೆಯನ್ನು ಬಿಗಿಯುವ ವಿಶೇಷ ಉಡುಪಿನಿಂದ. ಟಿಕೆಟ್ ತಗೊಂಡು ಹತ್ತಿದವರಿಗೆ ಇವೆರಡೂ ಇಲ್ಲ.

ಹಾಗಾದರೆ ರೋಲರ್ ಕೋಸ್ಟರ್‌ನಲ್ಲಿ ಎಲ್ಲರೂ ಯಾಕೆ ಎಚ್ಚರ ತಪ್ಪುವುದಿಲ್ಲ? ಸಮಯ ಕಡಿಮೆ, ಅದಕ್ಕೆ. ರಕ್ತ ನಿಂತರೂ ಕೆಲವು ಸೆಕೆಂಡು ಎಚ್ಚರವಾಗಿರುವಷ್ಟು ಆಮ್ಲಜನಕ ಮಿದುಳಿನಲ್ಲಿ ಇರುತ್ತದೆ. ಹೆಚ್ಚಿನ ರೈಡುಗಳಲ್ಲಿ 4 ಜೀ ಒತ್ತಡ ಒಂದೆರಡು ಸೆಕೆಂಡಿಗೆ ಮುಗಿದು ಹೋಗುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಇಳಿದದ್ದನ್ನು ಗುರುತಿಸುವ ನರಗಳಿವೆ. ಅವು ಹೃದಯಕ್ಕೆ ಜೋರಾಗಿ ಬಡಿ ಎಂದು ಹೇಳುತ್ತವೆ, ರಕ್ತನಾಳ ಬಿಗಿಯಾಗುತ್ತದೆ. ಆದರೆ ಅದು ಪೂರ್ತಿ ಕೆಲಸಕ್ಕೆ ಬರಲು ಹಲವು ಸೆಕೆಂಡು ಬೇಕು. ಜೀ ಬಲ ಏರಿದ ವೇಗಕ್ಕೂ ದೇಹ ಸರಿಮಾಡಿಕೊಳ್ಳುವ ವೇಗಕ್ಕೂ ನಡುವೆ ಒಂದು ಸಂದು ಇದೆ. ಕಣ್ಣು ಕತ್ತಲೆ ಬರುವುದು ಆ ಸಂದಿನಲ್ಲಿ.

ಆದ್ದರಿಂದಲೇ "ಈ ರೈಡ್ ಎಷ್ಟು ಜೀ?" ಎಂಬ ಪ್ರಶ್ನೆ ಅರ್ಧ ಮಾತ್ರ. ಎಷ್ಟು ಹೊತ್ತು ಅನ್ನುವುದೂ ಬೇಕು. ಕುರ್ಚಿಯಲ್ಲಿ ದೊಪ್ಪನೆ ಕೂತಾಗ ತಲೆಗೆ ಕ್ಷಣಮಾತ್ರ ಇದಕ್ಕಿಂತ ಜಾಸ್ತಿ ಜೀ ಬೀಳಬಹುದು, ಏನೂ ಆಗುವುದಿಲ್ಲ. ಅದೇ 4 ಜೀ ಒಂದು ಉದ್ದ ತಿರುವಿನಲ್ಲಿ ನಾಲ್ಕೈದು ಸೆಕೆಂಡು ಎಳೆದರೆ ಗಟ್ಟಿಮುಟ್ಟಾದವರಿಗೂ ಕಣ್ಣು ಮಂಜಾಗುತ್ತದೆ.

ಇದಕ್ಕೆ ಸ್ಪಷ್ಟ ಸಾಕ್ಷಿ ವರ್ಜೀನಿಯಾದ ಕಿಂಗ್ಸ್ ಡೊಮಿನಿಯನ್ ಪಾರ್ಕಿನಲ್ಲಿ ಸಿಕ್ಕಿತು. 2010ರಲ್ಲಿ ಅಲ್ಲಿ ಇಂಟಿಮಿಡೇಟರ್ 305 ಎಂಬ ರೈಡ್ ಶುರುವಾಯಿತು. 305 ಅಡಿ ಎತ್ತರ, ಗಂಟೆಗೆ ಸುಮಾರು 145 ಕಿಲೋಮೀಟರ್ ವೇಗ. ಮೊದಲ ಇಳಿಜಾರು ಮುಗಿದ ತಕ್ಷಣ ಒಂದು ಬಿಗಿಯಾದ ದೊಡ್ಡ ತಿರುವು. ಅಲ್ಲಿ ಕಣ್ಣು ಕತ್ತಲೆ ಬಂತು, ಕೆಲವು ಕ್ಷಣ ಎಚ್ಚರವೇ ಇರಲಿಲ್ಲ ಎಂದು ಹತ್ತಿದವರು ಹೇಳತೊಡಗಿದರು. ಮೊದಲು ಇಳಿಜಾರಿನಲ್ಲಿ ಬ್ರೇಕ್ ಹಾಕಿ ವೇಗ ತಗ್ಗಿಸಿದರು. ಮುಂದಿನ ಸೀಸನ್‌ಗೆ ಆ ತಿರುವಿನ ಹಳಿಯನ್ನೇ ಬದಲಾಯಿಸಿ ಅಗಲ ಮಾಡಿದರು. ಗಮನಿಸಿ, ಆ ರೈಡಿನಲ್ಲಿ ಏನೂ ಕೆಟ್ಟಿರಲಿಲ್ಲ. ಹೇಗೆ ಕಟ್ಟಿದ್ದರೋ ಹಾಗೇ ಓಡುತ್ತಿತ್ತು. ಆದರೂ ಬದಲಾಯಿಸಬೇಕಾಯಿತು.

130 ವರ್ಷ ಹಳೆಯ ಪಾಠ

ಇದು ಹೊಸ ತಿಳಿವಳಿಕೆಯೂ ಅಲ್ಲ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಫ್ಲಿಪ್ ಫ್ಲ್ಯಾಪ್ ರೈಲ್ವೆ ಎಂಬ ರೈಡ್ ಬಂತು. ಅದರಲ್ಲಿ ತಲೆಕೆಳಗಾಗುವ ಒಂದು ಸುತ್ತು ಇತ್ತು, ಪಕ್ಕಾ ವೃತ್ತಾಕಾರದ್ದು. ವೃತ್ತದ ತೊಂದರೆ ಏನೆಂದರೆ, ಬಂಡಿ ಸುತ್ತಿನೊಳಗೆ ನುಗ್ಗುವಾಗ ವೇಗ ಅತಿ ಹೆಚ್ಚು, ಮೇಲೆ ಏರಿದಂತೆ ಕಡಿಮೆ. ತಿರುವು ಮಾತ್ರ ಎಲ್ಲ ಕಡೆ ಒಂದೇ ಬಿಗಿ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಒಳಗೆ ನುಗ್ಗಿದ ಕ್ಷಣದಲ್ಲೇ ಸುಮಾರು 12 ಜೀ ಬೀಳುತ್ತಿತ್ತು ಎಂದು ಲೆಕ್ಕ ಹಾಕಿದ್ದಾರೆ. ಕುತ್ತಿಗೆ ನೋವು ಮಾಡಿಕೊಂಡವರ ಸಂಖ್ಯೆ ಹೆಚ್ಚಿತು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು.

ಪರಿಹಾರ ಗಟ್ಟಿಯಾಗಿ ಕೈಗೆ ಸಿಕ್ಕಿದ್ದು 1976ರಲ್ಲಿ. ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗಲ್ ಮತ್ತು ತಯಾರಕ ಆಂಟನ್ ಶ್ವಾರ್ಟ್ಸ್‌ಕೋಫ್ ಸೇರಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ರೆವಲ್ಯೂಷನ್ ಎಂಬ ರೈಡ್ ಕಟ್ಟಿದರು. ಅದರ ಸುತ್ತು ವೃತ್ತವಲ್ಲ, ನೀರಹನಿಯ ಆಕಾರ. ವೇಗ ಜಾಸ್ತಿ ಇರುವ ಕೆಳಭಾಗದಲ್ಲಿ ತಿರುವು ಸಡಿಲ, ವೇಗ ಕಡಿಮೆಯಾಗುವ ಮೇಲ್ಭಾಗದಲ್ಲಿ ಬಿಗಿ. ಒತ್ತಡ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇವತ್ತು ಜಗತ್ತಿನ ಬಹುಪಾಲು ರೈಡುಗಳಲ್ಲಿ ಇರುವುದು ಇದೇ ರೀತಿಯ ಸುತ್ತು.

ಇಷ್ಟನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಯಾರಿಗಾದರೂ ತಲೆಸುತ್ತಿದರೆ "ಅವರಿಗೆ ಧೈರ್ಯ ಸಾಲದು" ಎನ್ನುವ ಮಾತು ಬಹಳ ಬೇಗ ಬರುತ್ತದೆ. ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳಿಯ ಆಕಾರ, ವೇಗ, ಸಮಯ, ಇವು ಯಾರ ರಕ್ತ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುತ್ತವೆ. ಆಕಾರ ಬದಲಾಯಿಸಿದರೆ ಫಲಿತಾಂಶವೂ ಬದಲಾಗುತ್ತದೆ.

ಇಳಿದ ಮೇಲೆ ಬರುವ ಬವಳಿ

ರೈಡ್ ನಡೆಯುವಾಗ ಚೆನ್ನಾಗಿದ್ದು, ಇಳಿದು ಹತ್ತು ಹೆಜ್ಜೆ ನಡೆದ ಮೇಲೆ ಕುಸಿಯುವವರೂ ಇದ್ದಾರೆ. ಇದರ ಕಥೆ ಬೇರೆ.

ಜರ್ಮನಿಯ ಹೃದಯತಜ್ಞರ ತಂಡವೊಂದು ಎಕ್ಸ್‌ಪೆಡಿಷನ್ ಜೀಫೋರ್ಸ್ ಎಂಬ ರೈಡಿನಲ್ಲಿ 55 ಆರೋಗ್ಯವಂತರಿಗೆ ಇಸಿಜಿ ಯಂತ್ರ ಕಟ್ಟಿ ಕೂರಿಸಿತ್ತು. ಅವರ ಹೃದಯದ ಬಡಿತ ಸರಾಸರಿ ನಿಮಿಷಕ್ಕೆ 91ರಿಂದ 153ಕ್ಕೆ ಏರಿತು. ಮೈಗೆ ದಣಿವಾಗುವ ಕೆಲಸ ಏನೂ ಮಾಡದೆ, ಕೂತಲ್ಲೇ ಕೂತು! ಇದು ಭಯ ಮತ್ತು ಉದ್ವೇಗದಲ್ಲಿ ಹೊರಬರುವ ಅಡ್ರಿನಲಿನ್ ಕೆಲಸ.

ರೈಡ್ ನಿಂತಾಗ ಈ ಏರಿಕೆ ಇಳಿಯಬೇಕು. ಕೆಲವರಲ್ಲಿ ಇಳಿತ ಅತಿಯಾಗುತ್ತದೆ. ಹೃದಯದ ಬಡಿತ ನಿಧಾನವಾಗಿ, ಕಾಲಿನ ರಕ್ತನಾಳಗಳು ಸಡಿಲವಾಗಿ, ರಕ್ತ ಕೆಳಗೇ ನಿಲ್ಲುತ್ತದೆ. ಅದೇ ಹೊತ್ತಿಗೆ ಅವರು ಸೀಟಿನಿಂದ ಥಟ್ಟನೆ ಎದ್ದು ನಿಂತಿರುತ್ತಾರೆ. ಬಿಪಿ ಬೀಳುತ್ತದೆ, ಮುಖ ಬಿಳಿಚುತ್ತದೆ, ತಣ್ಣನೆ ಬೆವರು ಬರುತ್ತದೆ, ಕಾಲು ಸೋಲುತ್ತದೆ. ಸೂಜಿ ಕಂಡು ಎಚ್ಚರ ತಪ್ಪುವವರಲ್ಲಿ ಆಗುವುದೂ ಇದೇ. ನೆಲಕ್ಕೆ ಮಲಗಿಸಿದರೆ ರಕ್ತ ತಲೆಗೆ ಮರಳಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತಾರೆ.

ಇದಕ್ಕೆ ನೆಲ ಹದ ಮಾಡಿಕೊಡುವುದು ಪಾರ್ಕಿನ ದಿನಚರಿಯೇ. ಬೆಳಿಗ್ಗೆ ಬೇಗ ಹೊರಡುವ ಅವಸರದಲ್ಲಿ ತಿಂಡಿ ಬಿಟ್ಟಿರುತ್ತಾರೆ. ಬಿಸಿಲಲ್ಲಿ ಒಂದು ಗಂಟೆ ಕ್ಯೂ ನಿಂತಿರುತ್ತಾರೆ. ಶೌಚಾಲಯ ಎಲ್ಲಿದೆಯೋ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾರೆ, ಹೆಂಗಸರಲ್ಲಿ ಇದು ಇನ್ನೂ ಜಾಸ್ತಿ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಪ್ರಮಾಣವೂ ಕಡಿಮೆ. ರಕ್ತಹೀನತೆ ಇದ್ದರೆ ಇನ್ನೂ ಕಷ್ಟ. ಬಿಪಿ ಮಾತ್ರೆ ತಗೊಳ್ಳುವವರಲ್ಲಿ ರಕ್ತನಾಳ ಬೇಗ ಬಿಗಿಯಾಗದೇ ಇರಬಹುದು. ಹಾಗಾಗಿ ಅದೇ ರೈಡ್ ಒಂದು ದಿನ ಏನೂ ಮಾಡದೆ, ಇನ್ನೊಂದು ದಿನ ಬೀಳಿಸಬಹುದು.

ಹೊಟ್ಟೆ ತೊಳಸುವುದು ಕಿವಿಯಿಂದ

ವಾಕರಿಕೆ ಮತ್ತು ತಲೆ ಗಿರ್ರೆನ್ನುವುದಕ್ಕೆ ಕಾರಣ ಒಳಕಿವಿ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಆಗುವುದೂ ಇದರಿಂದಲೇ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳು ತಲೆಯ ತಿರುಗುವಿಕೆಯನ್ನು ಗುರುತಿಸುತ್ತವೆ. ಪಕ್ಕದಲ್ಲೇ ಇರುವ ಸಣ್ಣ ಸುಣ್ಣದ ಹರಳುಗಳು ಮೇಲೆ ಕೆಳಗೆ ಹಿಂದೆ ಮುಂದೆ ಆಗುವ ಚಲನೆಯನ್ನು ಗುರುತಿಸುತ್ತವೆ. ಕಣ್ಣು ಹೇಳುವುದಕ್ಕೂ ಕಿವಿ ಹೇಳುವುದಕ್ಕೂ ತಾಳೆ ಆಗದಿದ್ದಾಗ ಮಿದುಳು ಗೊಂದಲಕ್ಕೆ ಬೀಳುತ್ತದೆ. ಬೆವರು, ಜೊಲ್ಲು, ವಾಂತಿ ಶುರುವಾಗುತ್ತದೆ. ಕಣ್ಣು ಮುಚ್ಚಿಕೊಂಡರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ರೋಲರ್ ಕೋಸ್ಟರ್‌ನಲ್ಲಿ ಅದು ಹೆಚ್ಚಾಗಿ ಉಲ್ಟಾ ಹೊಡೆಯುತ್ತದೆ. ಮುಂದಿನ ಹಳಿ ಕಾಣುತ್ತಿದ್ದರೆ ಮಿದುಳಿಗೆ ತಯಾರಾಗಲು ಅವಕಾಶ ಸಿಗುತ್ತದೆ.

ಮೈಗ್ರೇನ್ ಇರುವವರಿಗೆ ಇದು ಬೇಗ ಆಗುತ್ತದೆ. ವಯಸ್ಸಾದಂತೆ ಸುತ್ತುವ ರೈಡುಗಳನ್ನು ತಡೆಯುವ ಶಕ್ತಿ ಕಡಿಮೆಯಾಗುವುದನ್ನೂ ತುಂಬ ಜನ ಗಮನಿಸಿರುತ್ತಾರೆ. ಕಾಲೇಜಿನಲ್ಲಿದ್ದಾಗ ಹತ್ತು ಸಲ ಹತ್ತಿದ್ದೆ, ಈಗ ಒಂದಕ್ಕೇ ಸುಸ್ತು ಎನ್ನುವುದರಲ್ಲಿ ಹೆದರಿಕೊಳ್ಳುವಂಥದ್ದು ಏನೂ ಇಲ್ಲ.

ತಲೆಗೆ ಪೆಟ್ಟು ಬೀಳುತ್ತದೆಯೇ? ಎರಡು ವಾದ

ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ರೋಲರ್ ಕೋಸ್ಟರ್ ಅಲುಗಾಟದಿಂದ ಮಿದುಳಿಗೆ ಹಾನಿ ಆಗಬಹುದೇ ಎಂಬ ಪ್ರಶ್ನೆ 2000ದ ಆಸುಪಾಸಿನಲ್ಲಿ ಜೋರಾಗಿ ಎದ್ದಿತು. ಜಪಾನಿನಲ್ಲಿ 24 ವರ್ಷದ ಆರೋಗ್ಯವಂತ ಯುವತಿಯೊಬ್ಬರು ರೈಡುಗಳನ್ನು ಹತ್ತಿಬಂದ ಮೇಲೆ ತಲೆನೋವಿನಿಂದ ನರಳಿದರು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಶೇಖರವಾಗಿತ್ತು. ಈ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿದ ಪ್ರಕರಣಗಳೂ ಆಗಾಗ ವರದಿಯಾಗಿವೆ.

ಇನ್ನೊಂದು ಕಡೆ ಎಂಜಿನಿಯರ್‌ಗಳ ಲೆಕ್ಕ ಇದೆ. 2002ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ರೈಡುಗಳಲ್ಲಿ ತಲೆ ಎಷ್ಟು ಜೋರಾಗಿ ತಿರುಗುತ್ತದೆ ಎಂದು ಲೆಕ್ಕ ಹಾಕಿದರು. ಮಿದುಳಿನ ರಕ್ತನಾಳ ಹರಿಯಲು ಬೇಕಾದ ಮಟ್ಟಕ್ಕಿಂತ ಅದು ತುಂಬ ಕೆಳಗಿದೆ ಎಂದರು. 2017ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು ಅಳತೆ ಮಾಡಿ, ಆಗುವ ಅಲುಗಾಟ ಓಡುವಾಗ ಆಗುವುದಕ್ಕೆ ಹತ್ತಿರದಲ್ಲಿದೆ ಎಂದು ಹೇಳಿತು.

ಎರಡೂ ನಿಜ ಆಗಿರಲು ಸಾಧ್ಯ. ಎಂಜಿನಿಯರ್‌ಗಳು ಹೇಳುತ್ತಿರುವುದು ಸಾಮಾನ್ಯ ತಲೆ, ಸಾಮಾನ್ಯ ಕುತ್ತಿಗೆಯ ಬಗ್ಗೆ. ವೈದ್ಯರು ನೋಡುತ್ತಿರುವುದು ಕೋಟಿಗಟ್ಟಲೆ ಸವಾರಿಗಳಲ್ಲಿ ಎಲ್ಲೋ ಒಬ್ಬರನ್ನು. ರಕ್ತನಾಳ ಹುಟ್ಟಿನಿಂದಲೇ ತೆಳುವಾಗಿರಬಹುದು, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರಬಹುದು, ಆ ಕ್ಷಣ ಪಕ್ಕಕ್ಕೆ ಕತ್ತು ತಿರುಗಿಸಿರಬಹುದು. ಸರಾಸರಿಯ ಲೆಕ್ಕ ಅಂಥವರಿಗೆ ಭರವಸೆ ಕೊಡಲಾರದು. ಹಾಗೆಯೇ ಅಂಥ ಒಬ್ಬರ ಕಥೆ ಓದಿ ಎಲ್ಲರೂ ಹೆದರಬೇಕಾಗಿಯೂ ಇಲ್ಲ.

ಅಮೆರಿಕದಲ್ಲಿ 1994ರಿಂದ 2004ರವರೆಗಿನ ಸಾವುಗಳನ್ನು ಪರಿಶೀಲಿಸಿದ ಒಂದು ಅಧ್ಯಯನ ಇದನ್ನೇ ತೋರಿಸುತ್ತದೆ. ರೋಲರ್ ಕೋಸ್ಟರ್‌ಗೆ ಸಂಬಂಧಿಸಿ ಒಟ್ಟು 40 ಸಾವು. ಅವರಲ್ಲಿ ರೈಡ್ ಹತ್ತಿದವರು 29 ಮಂದಿ. ಈ 29ರಲ್ಲಿ ಬಿದ್ದು ಅಥವಾ ಡಿಕ್ಕಿಯಾಗಿ ಸತ್ತವರು 11. ಉಳಿದ 18 ಮಂದಿ ಸತ್ತದ್ದು ರೈಡ್‌ನಿಂದ ಉಂಟಾದ ಅಥವಾ ಉಲ್ಬಣಿಸಿದ ಕಾಯಿಲೆಯಿಂದ ಇರಬಹುದು, ಹೆಚ್ಚಿನವು ಹೃದಯದ ತೊಂದರೆ ಇಲ್ಲವೇ ತಲೆಯೊಳಗಿನ ರಕ್ತಸ್ರಾವ. ಹತ್ತು ವರ್ಷಕ್ಕೆ 40 ಅಂದರೆ ಸಂಖ್ಯೆ ಚಿಕ್ಕದೇ. ಆದರೆ ಜನ ಹೆದರುವುದು ಬೆಲ್ಟ್ ಬಿಚ್ಚಿಕೊಳ್ಳುವುದಕ್ಕೆ. ಹೆಚ್ಚು ಜನ ಸತ್ತದ್ದು ಬೆಲ್ಟ್ ಬಿಗಿಯಾಗಿದ್ದಾಗ.

"ಮೊದಲೇ ಕಾಯಿಲೆ ಇತ್ತು"

ಪಾರ್ಕುಗಳ ವಾದ ಸರಳ. ಬೋರ್ಡು ಹಾಕಿದ್ದೇವೆ, ಹೃದಯ, ಕುತ್ತಿಗೆ, ಬೆನ್ನಿನ ತೊಂದರೆ ಇದ್ದವರು, ಬಸುರಿಯರು ಹತ್ತಬೇಡಿ ಎಂದು ಬರೆದಿದ್ದೇವೆ. ಗಂಭೀರ ಗಾಯ ಆಗುವ ಸಾಧ್ಯತೆ 1.55 ಕೋಟಿ ಸವಾರಿಗೆ ಒಂದು ಎಂಬ ಅಂಕಿಯನ್ನು ಉದ್ಯಮದ ಅಂತರರಾಷ್ಟ್ರೀಯ ಸಂಘ ಐಎಎಪಿಎ ಮುಂದಿಡುತ್ತಾ ಬಂದಿದೆ. ಈ ಅಂಕಿ ಸುಳ್ಳು ಅನ್ನಬೇಕಾಗಿಲ್ಲ. ಆದರೆ ಅದರೊಳಗೆ ಯಾರು ಸೇರಿಲ್ಲ ಅನ್ನುವುದನ್ನು ನೋಡಬೇಕು.

ಅಮೆರಿಕದಲ್ಲಿ ಒಂದೇ ಜಾಗದಲ್ಲಿ ಸ್ಥಿರವಾಗಿರುವ ರೈಡುಗಳ ಮೇಲೆ ಕೇಂದ್ರ ಗ್ರಾಹಕ ಸುರಕ್ಷತಾ ಆಯೋಗಕ್ಕಿದ್ದ ಅಧಿಕಾರವನ್ನು 1981ರಲ್ಲಿ ತೆಗೆದುಹಾಕಿದರು. ಊರೂರು ತಿರುಗುವ ಜಾತ್ರೆಯ ರೈಡುಗಳ ಮೇಲೆ ಮಾತ್ರ ಅದರ ಕಣ್ಣು. ಫ್ಲೋರಿಡಾದಲ್ಲಿ ಸಾವಿರಕ್ಕಿಂತ ಹೆಚ್ಚು ನೌಕರರಿರುವ, ಸ್ವಂತ ತಪಾಸಕರನ್ನು ಇಟ್ಟುಕೊಂಡಿರುವ ದೊಡ್ಡ ಪಾರ್ಕುಗಳಿಗೆ ರಾಜ್ಯದ ತಪಾಸಣೆಯಿಂದ ವಿನಾಯಿತಿ ಇದೆ. ಅವು ಮೂರು ತಿಂಗಳಿಗೊಮ್ಮೆ ತಾವೇ ವರದಿ ಕೊಡುತ್ತವೆ. ಅದೂ 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದ ಪ್ರಕರಣಗಳು ಮಾತ್ರ. ಒಂದೊಂದಕ್ಕೆ ಒಂದೇ ಸಾಲು. ವಯಸ್ಸು, ಗಂಡು ಅಥವಾ ಹೆಣ್ಣು, ರೈಡಿನ ಹೆಸರು, ಎದೆನೋವು ಅಥವಾ ತಲೆಸುತ್ತು, ಮೊದಲೇ ಕಾಯಿಲೆ ಇತ್ತು ಎಂಬ ಟಿಪ್ಪಣಿ.

ಈ ಜರಡಿಯಲ್ಲಿ ಏನೇನು ಸೋರಿಹೋಗುತ್ತದೆ ನೋಡಿ. ತಿರುವಿನಲ್ಲಿ ಎಚ್ಚರ ತಪ್ಪಿ, ಇಳಿಯುವ ಹೊತ್ತಿಗೆ ಸರಿಹೋದವರು ಲೆಕ್ಕಕ್ಕಿಲ್ಲ. ಕುಸಿದು ಬಿದ್ದು, ನೀರು ಕುಡಿದು ಮನೆಗೆ ಹೋದವರೂ ಇಲ್ಲ. ಮೂರು ದಿನದ ನಂತರ ಬೇರೆ ಊರಿನ ಆಸ್ಪತ್ರೆಗೆ ತಲೆನೋವೆಂದು ಹೋದವರು ಪಾರ್ಕಿಗೆ ಗೊತ್ತೇ ಆಗುವುದಿಲ್ಲ. ಒಂದು ನಿರ್ದಿಷ್ಟ ತಿರುವಿನಲ್ಲಿ ನೂರಾರು ಜನರಿಗೆ ಕಣ್ಣು ಕತ್ತಲೆ ಬಂದರೂ ಕಾಗದದ ಮೇಲೆ ಅದು ಶೂನ್ಯ.

"ಮೊದಲೇ ಕಾಯಿಲೆ ಇತ್ತು" ಎಂಬ ಮಾತಿಗೂ ಇದೇ ತೊಂದರೆ. ಡಿಸ್ನಿಯ ಎಪ್ಕಾಟ್ ಪಾರ್ಕಿನಲ್ಲಿ ಮಿಷನ್ ಸ್ಪೇಸ್ ಎಂಬ ರೈಡ್ ಇದೆ. ರೋಲರ್ ಕೋಸ್ಟರ್ ಅಲ್ಲ, ಗಿರಗಿರ ತಿರುಗಿಸಿ ರಾಕೆಟ್ ಏರಿದ ಅನುಭವ ಕೊಡುವ ಯಂತ್ರ. 2005ರಲ್ಲಿ ಅಲ್ಲಿ ನಾಲ್ಕು ವರ್ಷದ ಮಗು ತೀರಿಕೊಂಡಿತು. ಮಗುವಿನ ಹೃದಯದ ಸ್ನಾಯು ದಪ್ಪವಾಗಿದ್ದುದು ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು. ಮರುವರ್ಷ ಮಹಿಳೆಯೊಬ್ಬರು ಮಿದುಳಿನ ರಕ್ತಸ್ರಾವದಿಂದ ಸತ್ತರು. ಯಂತ್ರದಲ್ಲಿ ದೋಷ ಸಿಗಲಿಲ್ಲ. ತನಗೇ ಗೊತ್ತಿಲ್ಲದ ಕಾಯಿಲೆಯನ್ನು ಬೋರ್ಡು ಓದಿ ಗುರುತಿಸುವುದು ಯಾರಿಂದ ಆಗುತ್ತದೆ? ಹೃದಯದ ಎಷ್ಟೋ ತೊಂದರೆಗಳು ಹೊರಗೆ ಕಾಣುವುದೇ ಇಲ್ಲ.

ಡಿಸ್ನಿ 2006ರಲ್ಲಿ ಆ ರೈಡಿನ ಒಂದು ಭಾಗವನ್ನು ತಿರುಗುವಿಕೆ ಇಲ್ಲದ ಸೌಮ್ಯ ರೂಪಕ್ಕೆ ಬದಲಾಯಿಸಿತು. ಹತ್ತುವವರು ಯಾವುದು ಬೇಕೋ ಆರಿಸಿಕೊಳ್ಳಬಹುದು. ದೋಷ ಇಲ್ಲ ಎಂದ ಮಾತ್ರಕ್ಕೆ ಮಾಡಲು ಏನೂ ಉಳಿದಿಲ್ಲ ಎಂದಾಗುವುದಿಲ್ಲ ಅನ್ನುವುದಕ್ಕೆ ಇದು, ಮತ್ತು ವರ್ಜೀನಿಯಾದ ಆ ತಿರುವು, ಒಳ್ಳೆಯ ಉದಾಹರಣೆಗಳು.

ಮುಂದೆ ಏನಾಗಬಹುದು

ಒರ್ಲ್ಯಾಂಡೊ ಪ್ರಕರಣದ ಮೊದಲ ಪರಿಣಾಮ ಬೋರ್ಡುಗಳ ಮೇಲೆಯೇ ಕಾಣುವ ಸಾಧ್ಯತೆ ಹೆಚ್ಚು. ಎಚ್ಚರಿಕೆಯ ಪಟ್ಟಿ ಉದ್ದವಾಗುತ್ತದೆ. ಉದ್ದವಾದಷ್ಟೂ ಓದುವವರು ಕಡಿಮೆ. ಕೋರ್ಟಿನಲ್ಲಿ ಕಂಪನಿಗೆ ಅನುಕೂಲ, ಕ್ಯೂನಲ್ಲಿ ನಿಂತವರಿಗೆ ಅಲ್ಲ.

ಎರಡನೆಯ ಪರಿಣಾಮ ಇನ್ನೂ ನೋವಿನದು. ತೀರಿಕೊಂಡ ಯುವಕ ಗಾಲಿಕುರ್ಚಿ ಬಳಸುತ್ತಿದ್ದರು. ಇದನ್ನೇ ನೆಪ ಮಾಡಿ ಅಂಗವೈಕಲ್ಯ ಇರುವ ಎಲ್ಲರನ್ನೂ ರೈಡುಗಳಿಂದ ದೂರ ಇಡುವುದು ಪಾರ್ಕುಗಳಿಗೆ ಸುಲಭದ ದಾರಿ. ಅಮೆರಿಕದ ಕಾನೂನು ಇದನ್ನು ಒಪ್ಪುವುದಿಲ್ಲ. ನಿರ್ಬಂಧ ಹಾಕಬೇಕಾದರೆ ನಿಜವಾದ ಅಪಾಯದ ಆಧಾರ ಬೇಕು, ಊಹೆ ಸಾಲದು ಎನ್ನುತ್ತದೆ. ಆಧಾರ ಎಲ್ಲಿಂದ ಬರಬೇಕು? ಸರಿಯಾದ ದಾಖಲೆಯಿಂದ. ದಾಖಲೆ ಇಲ್ಲದ ಕಡೆ ಊಹೆಯೇ ಆಳುತ್ತದೆ. ಅದರಲ್ಲಿ ಸೋಲುವುದು ಅಂಗವಿಕಲರು.

ನಮ್ಮಲ್ಲಿ ಪರಿಸ್ಥಿತಿ ಇನ್ನೂ ತೆಳು. ರೈಡುಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಎಂಬ ಸಂಹಿತೆ ಇದೆ. ಅನುಮತಿ ಕೊಡುವುದು ರಾಜ್ಯ ಮತ್ತು ಸ್ಥಳೀಯ ಆಡಳಿತ. ಆದರೆ ಫ್ಲೋರಿಡಾದ ಆ ಒಂದು ಸಾಲಿನ ವರದಿಯಂಥದ್ದೂ ದೇಶಮಟ್ಟದಲ್ಲಿ ಇಲ್ಲ. ಬಿಡದಿಯ ವಂಡರ್‌ಲಾದಂಥ ದೊಡ್ಡ ಪಾರ್ಕಿನಲ್ಲಿ ಹಿಮ್ಮುಖವಾಗಿಯೂ ಸುತ್ತು ಹೊಡೆಸುವ ರೀಕಾಯ್ಲ್‌ನಂಥ ರೈಡ್ ಇದೆ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ, ಊರ ಜಾತ್ರೆಗಳಲ್ಲಿ ಜೈಂಟ್ ವೀಲ್, ಕೊಲಂಬಸ್ ಬಂದು ಹೋಗುತ್ತವೆ. ಅಪಘಾತ ಆದಾಗ ಬೋಲ್ಟ್ ಬಗ್ಗೆ ಮಾತಾಡುತ್ತೇವೆ, ಅದು ಬೇಕು ಕೂಡ. ಜೀ ಬಲದ ಬಗ್ಗೆ ಮಾತೇ ಇಲ್ಲ. ಎತ್ತರ ಇಷ್ಟಿರಬೇಕು ಎಂದು ಕೋಲು ಹಿಡಿದು ಅಳೆಯುತ್ತಾರೆ. ಈ ರೈಡಿನಲ್ಲಿ ಗರಿಷ್ಠ ಇಷ್ಟು ಜೀ, ಇಷ್ಟು ಸೆಕೆಂಡು ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಲು ಏನು ಅಡ್ಡಿ? ಆ ಅಂಕಿ ವಿನ್ಯಾಸ ಮಾಡಿದವರ ಬಳಿ ಇದ್ದೇ ಇರುತ್ತದೆ.

ಹತ್ತುವ ಮೊದಲು, ಇಳಿದ ಮೇಲೆ

ಖಾಲಿ ಹೊಟ್ಟೆಯೂ ಬೇಡ, ಊಟ ಮಾಡಿದ ತಕ್ಷಣವೂ ಬೇಡ. ಕ್ಯೂನಲ್ಲಿರುವಾಗಲೇ ನೀರು ಕುಡಿಯಿರಿ. ಬೆನ್ನು ಮತ್ತು ತಲೆಯನ್ನು ಸೀಟಿಗೆ ಒತ್ತಿ, ಮುಂದಿನ ಹಳಿ ನೋಡುತ್ತಿರಿ. ಧುಮುಕಿ ತಗ್ಗು ಮುಟ್ಟುವ ಹೊತ್ತಿಗೆ ತೊಡೆ ಮತ್ತು ಹೊಟ್ಟೆಯ ಸ್ನಾಯು ಬಿಗಿ ಮಾಡಿ. ಪೈಲಟ್‌ಗಳು ಮಾಡುವುದೂ ಇದನ್ನೇ, ರಕ್ತ ಕೆಳಗೆ ಇಳಿಯುವುದನ್ನು ಅದು ಸ್ವಲ್ಪ ತಡೆಯುತ್ತದೆ. ಇಳಿಯುವಾಗ ನಿಧಾನ. ಬವಳಿ ಬಂದಂತೆ ಅನಿಸಿದರೆ ನಾಚಿಕೆ ಬಿಟ್ಟು ಅಲ್ಲೇ ಕೂರಿ, ಸಾಧ್ಯವಾದರೆ ಮಲಗಿ ಕಾಲು ಎತ್ತರಕ್ಕೆ ಇಡಿ. ಸರಿಯಾದ ಮೇಲೂ ತಕ್ಷಣ ಇನ್ನೊಂದು ರೈಡ್ ಬೇಡ.

ಕೆಲವು ಲಕ್ಷಣಗಳಿಗೆ ಕಾಯುತ್ತಾ ಕೂರಬಾರದು. ಎದೆನೋವು, ಅಡ್ಡಾದಿಡ್ಡಿ ಎದೆಬಡಿತ, ಮಲಗಿದ ಮೇಲೂ ಮರಳದ ಪ್ರಜ್ಞೆ, ಒಮ್ಮೆಲೇ ಸಿಡಿದಂಥ ತಲೆನೋವು, ಒಂದು ಕಡೆಯ ಕುತ್ತಿಗೆ ನೋವು, ಮಾತು ತೊದಲುವುದು, ಕೈಕಾಲು ಜೋಮು ಅಥವಾ ಬಲವಿಲ್ಲದಿರುವುದು, ಒಂದೇ ವಸ್ತು ಎರಡಾಗಿ ಕಾಣುವುದು. ಇವುಗಳಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ. ದಿನಗಳು ಕಳೆದಂತೆ ಹೆಚ್ಚಾಗುತ್ತಲೇ ಹೋಗುವ ತಲೆನೋವಿಗೂ ಇದೇ ಮಾತು. ಅಂಥ ಹೊತ್ತಿನಲ್ಲಿ ವೈದ್ಯರಿಗೆ ರೈಡ್ ಹತ್ತಿದ್ದನ್ನು ಮರೆಯದೆ ಹೇಳಬೇಕು. ವಾರ ಕಳೆದಿದ್ದರೂ ಹೇಳಬೇಕು. ಇಲ್ಲದಿದ್ದರೆ ಮೈಗ್ರೇನ್ ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆ ಇದೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಹೃದಯ ನಿಂತು ತೀರಿಕೊಂಡಿದ್ದರೆ, ಇಂಥ ರೈಡ್ ಹತ್ತುವ ಮೊದಲೇ ಒಮ್ಮೆ ಹೃದಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಕೆಲಸ. ಪಾರ್ಕಿನೊಳಗೇ ತಲೆಸುತ್ತಿ ಬಿದ್ದರೆ ಪ್ರಥಮ ಚಿಕಿತ್ಸೆಯ ಕೊಠಡಿಗೆ ಹೋಗಿ, ಯಾವ ರೈಡ್, ಎಷ್ಟು ಗಂಟೆ, ಎಷ್ಟನೇ ಸಾಲಿನ ಸೀಟು, ಯಾವ ತಿರುವಿನಲ್ಲಿ ಏನಾಯಿತು ಎಂದು ಹೇಳಿ. ಅವರ ಪುಸ್ತಕದಲ್ಲಿ ಬರೆಸಿ, ಅದರ ಒಂದು ಫೋಟೊ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಸರಿಹೋದರೂ ಬರೆಸಿ. ಒಂದೇ ತಿರುವಿನ ಹೆಸರು ಇಪ್ಪತ್ತು ಸಲ ಬಂದರೆ ಅದನ್ನು ನೋಡಿದ ಎಂಜಿನಿಯರ್‌ಗೆ ಹಳಿಯ ಯಾವ ಭಾಗ ಬದಲಾಯಿಸಬೇಕು ಎಂದು ಗೊತ್ತಾಗುತ್ತದೆ.